ಕೆಲಸದ ಜಾಗದಲ್ಲಿ ದರೋಡೆ ಆದ್ರೆ ಜೀವ ಉಳಿಸ್ಕೊಳ್ಳೋದು ಹೇಗೆ: ಬಂಕು, ಅಂಗಡಿ, ಸೊಸೈಟಿ ಕೌಂಟರಲ್ಲಿ ಕೂರೋರಿಗೆ ಪೂರ್ತಿ ಮಾರ್ಗದರ್ಶಿ

ನಾನು ಹೈವೇ ಪಕ್ಕದ ಒಂದು ಪೆಟ್ರೋಲ್ ಬಂಕಲ್ಲಿ ಆರು ವರ್ಷ ನೈಟ್ ಶಿಫ್ಟ್ ಮಾಡಿದೀನಿ, ಈಗ ಬೇರೆ ಊರಲ್ಲಿ ಇನ್ನೊಂದು ಬಂಕಲ್ಲಿ ಸೂಪರ್‌ವೈಸರ್ ಆಗಿದೀನಿ. ಹಳೇ ಬಂಕಲ್ಲಿ ಒಂದಿನ ರಾತ್ರಿ ಎರಡೂವರೆ ಹೊತ್ತಿಗೆ ಎರಡು ಬೈಕಲ್ಲಿ ನಾಲ್ಕು ಜನ ಬಂದ್ರು, ಹೆಲ್ಮೆಟ್ ತೆಗೀಲಿಲ್ಲ, ಪೆಟ್ರೋಲ್ ಹಾಕು ಅಂತಾನೂ ಅನ್ಲಿಲ್ಲ, ಮಚ್ಚು ತೋರಿಸಿ ಬ್ಯಾಗ್ ಬಿಚ್ಚು ಅಂದ್ರು. ನಾನು ಬಿಚ್ಚಿ ಕೊಟ್ಟೆ. ಪಕ್ಕದ ಪಂಪ್ ಹತ್ರ ಇದ್ದ ಹುಡುಗ ಕೊಡ್ಲಿಲ್ಲ, ಬ್ಯಾಗನ್ನ ಎದೆಗೆ ಅವುಚ್ಕೊಂಡು ನಿಂತ್ಬಿಟ್ಟ. ಅವನ ಬ್ಯಾಗಲ್ಲಿ ಇದ್ದಿದ್ದು 11 ಸಾವಿರ ಚಿಲ್ಲರೆ. ಎಡಗೈ ಮೇಲೆ ಏಟು ಬಿತ್ತು, ಎರಡು ಬೆರಳಿನ ನರ ಕಟ್ ಆಯ್ತು. ಆಸ್ಪತ್ರೆಯಲ್ಲಿ ಯಾಕೋ ಹಿಂಗ್ ಮಾಡ್ದೆ ಅಂತ ಕೇಳಿದ್ರೆ "ಅಣ್ಣ, ಶಾರ್ಟ್ ಬಂದ್ರೆ ಸಂಬಳದಲ್ಲಿ ಹಿಡೀತಾರಲ್ಲ" ಅಂದ.

ಆ ಮಾತು ನನ್ನ ತಲೆಯಿಂದ ಹೋಗಿಲ್ಲ. ಅವನು ಧೈರ್ಯ ತೋರ್ಸೋಕೆ ಹಾಗೆ ಮಾಡಿದ್ದಲ್ಲ, ಮಚ್ಚಿಗಿಂತ ತಿಂಗಳ ಕೊನೆಯ ಲೆಕ್ಕಕ್ಕೆ ಜಾಸ್ತಿ ಹೆದರಿದ್ದ ಅಷ್ಟೇ. ಅದಕ್ಕೇ ಈ ಮಾರ್ಗದರ್ಶಿ ಕಳ್ಳರಿಂದ ಶುರು ಆಗಲ್ಲ, ಓನರಿಂದ ಶುರು ಆಗತ್ತೆ.

ಮೊದಲ್ನೇ ಹಂತ: "ಕೇಳಿದ್ರೆ ಕೊಟ್ಬಿಡು" ಅಂತ ಓನರ್ ಬಾಯಲ್ಲೇ ಬರಬೇಕು

ನೀವು ಕೆಲಸಕ್ಕೆ ಸೇರಿದ ವಾರದಲ್ಲೇ, ಅಥವಾ ಹಳಬರಾಗಿದ್ರೆ ನಾಳೇನೇ, ಓನರ್‌ನೋ ಮ್ಯಾನೇಜರ್‌ನೋ ಕೇಳಿ: "ಸಾರ್, ಯಾರಾದ್ರೂ ಆಯುಧ ತೋರ್ಸಿ ದುಡ್ಡು ಕೇಳಿದ್ರೆ ನಾನೇನು ಮಾಡ್ಬೇಕು?" ನೇರವಾಗಿ ಕೇಳಿ, ಇದರಲ್ಲಿ ಸಂಕೋಚ ಬೇಡ. ಒಳ್ಳೇ ಓನರ್ ಆದ್ರೆ "ಕೊಟ್ಬಿಡಪ್ಪ, ನಿನ್ನ ಜೀವ ಮುಖ್ಯ" ಅಂತಾನೇ ಹೇಳ್ತಾರೆ. ಹೇಳಿದ್ದನ್ನ ಸ್ಟಾಫ್ ಗ್ರೂಪಲ್ಲಿ ಒಂದು ಮೆಸೇಜ್ ಹಾಕ್ಸಿ, ಎಲ್ಲ ಹುಡುಗ್ರೂ ನೋಡ್ಲಿ. ನೈಟ್ ಶಿಫ್ಟಿಗೆ ಹೊಸಬರು ಬಂದಾಗ್ಲೆಲ್ಲ ಇನ್ನೊಂದ್ಸಲ ಬಾಯಲ್ಲಿ ಹೇಳ್ಸಿ, ಯಾಕಂದ್ರೆ ಮೆಸೇಜ್ ಓದೋದೇ ಬೇರೆ, ಯಜಮಾನ್ರು ಮುಖ ನೋಡಿ ಹೇಳೋದೇ ಬೇರೆ.

ಕಾನೂನಿನ ವಿಷ್ಯಾನೂ ತಿಳ್ಕೊಂಡಿರಿ. 1936ರ ವೇತನ ಪಾವತಿ ಕಾಯ್ದೆಯಿಂದ ಹಿಡಿದು ಈಗಿನ ವೇತನ ಸಂಹಿತೆ ತನಕ ಇರೋ ನಿಯಮ ಏನಂದ್ರೆ, ಕೆಲಸಗಾರನ ಕೈಲಿದ್ದ ದುಡ್ಡು ಕಳೆದುಹೋದ್ರೆ ಸಂಬಳದಲ್ಲಿ ಹಿಡಿಯೋಕೆ ಆಗೋದು ಅದು ನೇರವಾಗಿ ಅವನ ನಿರ್ಲಕ್ಷ್ಯದಿಂದಲೋ ತಪ್ಪಿನಿಂದಲೋ ಆಗಿದ್ರೆ ಮಾತ್ರ, ಅದೂ ಅವನ ಮಾತು ಕೇಳಿದ ಮೇಲೆ. ಕತ್ತಿನ ಹತ್ರ ಮಚ್ಚು ಇಟ್ಟು ಕಿತ್ಕೊಂಡು ಹೋದ ದುಡ್ಡು ನಿಮ್ಮ ನಿರ್ಲಕ್ಷ್ಯ ಆಗಲ್ಲ.

ಓನರ್‌ಗಳು ಯಾರಾದ್ರೂ ಇದನ್ನ ಓದ್ತಿದ್ರೆ ದಯವಿಟ್ಟು ಕೇಳಿ. ಗಲ್ಲಾದಲ್ಲಿರೋ ದುಡ್ಡಿಗೆ, ತಿಜೋರಿಯಲ್ಲಿರೋದಕ್ಕೆ, ಬ್ಯಾಂಕಿಗೆ ಕಟ್ಟೋಕೆ ತಗೊಂಡು ಹೋಗೋದಕ್ಕೆ ಅಂತಾನೇ ಮನಿ ಇನ್ಶೂರೆನ್ಸ್ ಪಾಲಿಸಿ ಸಿಗತ್ತೆ, ಅಂಗಡಿಯವರ ಪ್ಯಾಕೇಜ್ ಪಾಲಿಸಿಯಲ್ಲೂ ಸೇರಿಸ್ಕೊಬಹುದು. ಅದನ್ನ ಮಾಡ್ಸಿ, ಮಾಡ್ಸಿದೀನಿ ಅಂತ ಹುಡುಗ್ರಿಗೆ ಹೇಳಿ. ದುಡ್ಡಿಗೆ ಇನ್ಶೂರೆನ್ಸ್ ಇದೆ ಅಂತ ಗೊತ್ತಿರೋ ಹುಡುಗ ಬ್ಯಾಗ್ ಬೇಗ ಬಿಡ್ತಾನೆ.

ಎರಡ್ನೇ ಹಂತ: ಕೈಯಲ್ಲಿ ದುಡ್ಡು ಕಮ್ಮಿ ಇಟ್ಕೊಳ್ಳಿ

ಬಂಕಲ್ಲಿ ನಾವು ಹೆಗಲಿಗೆ ಹಾಕ್ಕೊಳ್ಳೋ ಚರ್ಮದ ಬ್ಯಾಗ್ ಇದೆಯಲ್ಲ, ಅದರಲ್ಲಿ ಇಂತಿಷ್ಟಕ್ಕಿಂತ ಜಾಸ್ತಿ ಇರಬಾರದು ಅಂತ ಒಂದು ಲಿಮಿಟ್ ಇಟ್ಕೊಳ್ಳಿ. ನಮ್ಮಲ್ಲಿ ಈಗ 5 ಸಾವಿರ. ಅದಕ್ಕಿಂತ ಜಾಸ್ತಿ ಆದ ತಕ್ಷಣ ಒಳಗೆ ಹೋಗಿ ತಿಜೋರಿ ಕಿಂಡಿಯಲ್ಲಿ ಹಾಕಿ ಬರ್ತೀವಿ. ಮೇಲ್ಗಡೆ ಕಿಂಡಿ ಇರೋ ತಿಜೋರಿ ಅಂದ್ರೆ ದೇವಸ್ಥಾನದ ಹುಂಡಿ ತರ, ಹಾಕೋಕೆ ಆಗತ್ತೆ ತೆಗೆಯೋಕೆ ಆಗಲ್ಲ, ಬೀಗದ ಕೈ ಓನರ್ ಮನೇಲಿರತ್ತೆ. ಅದರ ಮೇಲೆ ದೊಡ್ಡದಾಗಿ "ಇದರ ಕೀ ಇಲ್ಲಿರೋ ಸಿಬ್ಬಂದಿ ಹತ್ರ ಇಲ್ಲ" ಅಂತ ಕನ್ನಡ, ಹಿಂದಿ ಎರಡ್ರಲ್ಲೂ ಬರೆದು ಅಂಟ್ಸಿ. ಈ ಬೋರ್ಡಿನ ಕೆಲಸ ದೊಡ್ಡದು, ಕೀ ಎಲ್ಲಿ ಅಂತ ನಿಮ್ಮನ್ನ ಹೊಡೆಯೋ ಅವಕಾಶ ಕಮ್ಮಿ ಮಾಡತ್ತೆ.

ಈಗ ಮುಕ್ಕಾಲು ಪಾಲು ಜನ ಫೋನ್‌ಪೇ ಗೂಗಲ್‌ಪೇ ಮಾಡ್ತಾರೆ, ನಿಜ, ಆದ್ರೆ ಲಾರಿಯವರು, ಟ್ರ್ಯಾಕ್ಟರ್‌ನವರು, ಸಂತೆ ದಿನದ ಗಿರಾಕಿಗಳು ಕ್ಯಾಶೇ ಕೊಡ್ತಾರೆ. ವೈನ್ ಶಾಪು, ಮಂಡಿ, ಮೆಡಿಕಲ್ ಸ್ಟೋರಲ್ಲೂ ಹಂಗೇ. ದುಡ್ಡು ಎಣಿಸೋದು ರಸ್ತೆಗೆ ಕಾಣೋ ಹಾಗೆ ಮಾಡ್ಬೇಡಿ. ಗಾಜಿನ ತುಂಬಾ ಆಫರ್ ಪೋಸ್ಟರ್ ಅಂಟ್ಸಬೇಡಿ, ಒಳಗೆ ಏನು ನಡೀತಿದೆ ಅಂತ ಹೊರಗಿನೋರಿಗೆ ಕಾಣ್ಬೇಕು, ಆದ್ರೆ ದುಡ್ಡಿನ ಮೇಜು ಮಾತ್ರ ಕಾಣಬಾರದು. ಕ್ಯಾಮೆರಾ ವಿಷ್ಯದಲ್ಲಿ ಎರಡೇ ಮಾತು. ರೆಕಾರ್ಡ್ ಆಗೋ ಡಿವಿಆರ್ ಡಬ್ಬಿನ ಕೌಂಟರ್ ಕೆಳಗೆ ಇಡ್ಬೇಡಿ, ಕಳ್ಳರು ಹೋಗೋವಾಗ ಅದನ್ನೇ ಕಿತ್ಕೊಂಡು ಹೋಗ್ತಾರೆ. ಆಮೇಲೆ ಅದರ ಟೈಮ್ ಸರಿಯಾಗಿದ್ಯಾ ಅಂತ ತಿಂಗಳಿಗೊಂದ್ಸಲ ನೋಡಿ.

ಮೂರ್ನೇ ಹಂತ: ಬಾಗಿಲು ತೆಗೆಯೋ, ಮುಚ್ಚೋ, ಊಟದ ಹೊತ್ತು

ನಮ್ಮ ರಾಜ್ಯದಲ್ಲೇ ಇತ್ತೀಚೆಗೆ ಆಗಿದ್ದು ನೋಡಿ. 2025ರ ಜನವರಿ 17ರಂದು ಮಂಗಳೂರು ಹತ್ರ ಕೆ.ಸಿ. ರೋಡಲ್ಲಿರೋ ಕೋಟೆಕಾರು ಸಹಕಾರಿ ಸಂಘದ ಬ್ರಾಂಚಿಗೆ ನುಗ್ಗಿದ್ದು ಶುಕ್ರವಾರ ಮಧ್ಯಾಹ್ನ, ರಸ್ತೆಯಲ್ಲಿ ಜನ ಕಮ್ಮಿ ಇರೋ ಹೊತ್ತು, ಅವತ್ತೇ ಅಲ್ಲಿ ಸಿಸಿಟಿವಿ ರಿಪೇರಿ ಕೆಲಸಾನೂ ನಡೀತಿತ್ತು. ಅದೇ ವರ್ಷ ಸೆಪ್ಟೆಂಬರ್ 16ಕ್ಕೆ ವಿಜಯಪುರ ಜಿಲ್ಲೆ ಚಡಚಣದ ಎಸ್‌ಬಿಐಗೆ ಮಿಲಿಟರಿ ತರದ ಬಟ್ಟೆ ಹಾಕ್ಕೊಂಡು ನುಗ್ಗಿದ್ದು ಸಾಯಂಕಾಲ ಬ್ಯಾಂಕ್ ಮುಚ್ಚೋ ಹೊತ್ತಲ್ಲಿ, ಸಿಬ್ಬಂದಿ ಕೈಕಾಲು ಕಟ್ಟಿ ದುಡ್ಡು ಚಿನ್ನ ತಗೊಂಡು ಹೋದ್ರು. ಎರಡೂ ಕಡೆ ಗನ್ ತೋರ್ಸಿದ್ರು, ಆದ್ರೆ ಒಳಗಿದ್ದೋರ ಜೀವಕ್ಕೆ ಏನೂ ಆಗ್ಲಿಲ್ಲ.

ಹಾಗಾಗಿ ಆ ಹೊತ್ತುಗಳಲ್ಲಿ ಒಬ್ಬರೇ ಇರ್ಬೇಡಿ. ಬೆಳಿಗ್ಗೆ ಬಾಗಿಲು ತೆಗೆಯೋವಾಗ ಒಬ್ರು ಶಟರ್ ಎತ್ತಿ ಒಳಗೆ ಹೋಗ್ಲಿ, ಇನ್ನೊಬ್ರು ಎದುರುಗಡೆ ಟೀ ಅಂಗಡಿ ಹತ್ರ ನಿಂತಿರ್ಲಿ. ಒಳಗೆ ಎಲ್ಲ ಸರಿಯಿದ್ರೆ ಒಂದು ಗುರುತು ಕೊಡ್ಬೇಕು, ಒಂದು ನಿರ್ದಿಷ್ಟ ಲೈಟ್ ಹಾಕೋದೋ ದೇವರ ಫೋಟೋಗೆ ಊದುಬತ್ತಿ ಹಚ್ಚಿ ಬಾಗ್ಲಿಗೆ ಬಂದು ನಿಲ್ಲೋದೋ ಏನೋ ಒಂದು. ಐದು ನಿಮಿಷದಲ್ಲಿ ಆ ಗುರುತು ಕಾಣ್ಲಿಲ್ಲ ಅಂದ್ರೆ ಹೊರಗಿರೋರು ಒಳಗೆ ಹೋಗದೆ 112ಗೆ ಫೋನ್ ಮಾಡ್ಬೇಕು. ಮುಚ್ಚೋವಾಗ ಟಾಯ್ಲೆಟ್, ಗೋಡೌನ್, ಹಿಂದಿನ ಬಾಗ್ಲು ನೋಡ್ಕೊಂಡು ಆಮೇಲೆ ಲೆಕ್ಕಕ್ಕೆ ಕೂರಿ. ಶಟರ್ ಅರ್ಧ ಎಳೆದು ಒಳಗೆ ಲೆಕ್ಕ ಮಾಡೋ ಅಭ್ಯಾಸ ಬಹಳ ಕಡೆ ಇದೆ, ಅದು ತುಂಬಾ ಅಪಾಯ. ಬಗ್ಗಿ ಒಳಗೆ ಬಂದವನು ಉಳಿದ ಅರ್ಧಾನೂ ಎಳ್ಕೊಂಡ್ರೆ ರಸ್ತೆಯವರಿಗೆ ಏನೂ ಗೊತ್ತಾಗಲ್ಲ. ತೆಗೆದ್ರೆ ಪೂರ್ತಿ ತೆಗೀರಿ, ಮುಚ್ಚಿದ್ರೆ ಒಳಗಿಂದ ಚಿಲಕ ಹಾಕಿ.

ಒಂದು ಗುಟ್ಟಿನ ಮಾತೂ ಇಟ್ಕೊಳ್ಳಿ. ನಮ್ಮಲ್ಲಿ ಅದು ಇಲ್ಲದೇ ಇರೋ ಒಬ್ಬ ಮೇಷ್ಟ್ರ ಹೆಸರು. "ಮೇಷ್ಟ್ರು ಫೋನ್ ಮಾಡಿದ್ರಾ" ಅಂತ ಯಾರಾದ್ರೂ ಕೇಳಿದ್ರೆ ಏನೋ ಎಡವಟ್ಟಾಗಿದೆ, ಹೊರಗೆ ಹೋಗಿ ಪೊಲೀಸರಿಗೆ ಹೇಳು ಅಂತ ಅರ್ಥ.

ದುಡ್ಡು ಬ್ಯಾಂಕಿಗೆ ತಗೊಂಡು ಹೋಗೋದು

ಹೆಚ್ಚಿನ ಅಂಗಡಿಗಳಲ್ಲಿ ಇದು ಒಬ್ಬ ನಂಬಿಕಸ್ಥ ಹುಡುಗನ ಕೆಲಸ, ದಿನಾ ಹನ್ನೊಂದು ಗಂಟೆಗೆ, ಅದೇ ಸ್ಕೂಟರು, ಅದೇ ದಾರಿ, ಅದೇ ಬ್ಯಾಗು. ಇದು ಬದಲಾಗ್ಲೇಬೇಕು. 2025ರ ಜನವರಿ 16ಕ್ಕೆ ಬೀದರ್‌ನಲ್ಲಿ ಬ್ಯಾಂಕ್ ಮುಂದೇನೇ, ಹಾಡಹಗಲಲ್ಲಿ, ಎಟಿಎಂಗೆ ಹಾಕೋ ದುಡ್ಡಿನ ಗಾಡಿ ಹತ್ರ ಬೈಕಲ್ಲಿ ಬಂದ ಇಬ್ಬರು ಖಾರದ ಪುಡಿ ಎರಚಿ ಗುಂಡು ಹಾರಿಸಿದ್ರು, ಒಬ್ಬ ಸಿಬ್ಬಂದಿ ಸತ್ತೇ ಹೋದ್ರು, ಇನ್ನೊಬ್ರಿಗೆ ಗಂಭೀರ ಗಾಯ ಆಯ್ತು. ಆಫೀಸಿನ ಒಳಗಿಗಿಂತ ರಸ್ತೆ ಮೇಲೆ ದುಡ್ಡಿನ ಪೆಟ್ಟಿಗೆ ಹಿಡ್ಕೊಂಡು ನಿಂತಿರೋ ಎರಡು ನಿಮಿಷ ಜಾಸ್ತಿ ಅಪಾಯ. ಟೈಮ್ ಬದಲಾಯಿಸ್ತಾ ಇರಿ, ದಾರಿ ಬದಲಾಯಿಸಿ, ಇಬ್ಬರು ಹೋಗಿ, ಊಟದ ಬ್ಯಾಗೋ ತರಕಾರಿ ಚೀಲಾನೋ ಬಳಸಿ. ಬ್ಯಾಗಿನ ಪಟ್ಟಿನ ಕೊರಳಿಗೋ ಮೈಗೋ ಅಡ್ಡ ಹಾಕ್ಕೋಬೇಡಿ, ಬೈಕಿಂದ ಎಳೆದ್ರೆ ಬ್ಯಾಗ್ ಜೊತೆ ನೀವೂ ರಸ್ತೆಗೆ ಬೀಳ್ತೀರಾ. ಯಾರಾದ್ರೂ ಹಿಂಬಾಲಿಸ್ತಿದಾರೆ ಅನ್ಸಿದ್ರೆ ಬ್ಯಾಂಕಿಗೂ ಹೋಗ್ಬೇಡಿ, ಅಂಗಡಿಗೂ ವಾಪಸ್ ಬರ್ಬೇಡಿ, ಸೀದಾ ಪೊಲೀಸ್ ಸ್ಟೇಷನ್‌ಗೆ ಹೋಗಿ.

ಇನ್ನೊಂದು ಇದೆ. 2025ರ ನವೆಂಬರ್ 19ರಂದು ಬೆಂಗಳೂರಲ್ಲಿ ಎಟಿಎಂ ದುಡ್ಡಿನ ವ್ಯಾನ್ ತಡೆದವರು ಗುಂಡು ಹಾರಿಸ್ಲಿಲ್ಲ, ನಾವು ಆರ್‌ಬಿಐನೋರು, ದಾಖಲೆ ಚೆಕ್ ಮಾಡ್ಬೇಕು ಅಂದ್ರು, 7.11 ಕೋಟಿ ಹೋಯ್ತು. ಆಮೇಲೆ ಸಿಕ್ಕಿಬಿದ್ದೋರಲ್ಲಿ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್, ಆ ದುಡ್ಡು ಸಾಗಿಸೋ ಕಂಪನಿಯಲ್ಲಿ ಮುಂಚೆ ಕೆಲಸ ಮಾಡ್ತಿದ್ದೋನೂ ಇದ್ದ. ರಸ್ತೆ ಮಧ್ಯೆ ಯಾರಾದ್ರೂ ಅಧಿಕಾರಿ ಅಂತ ಹೇಳಿ ದುಡ್ಡಿಂದ ನಿಮ್ಮನ್ನ ಬೇರೆ ಮಾಡೋಕೆ ನೋಡಿದ್ರೆ ಗಾಡಿ ಡೋರ್ ತೆಗೀಬೇಡಿ, ಸ್ಟೇಷನ್‌ಗೆ ಹೋಗಿ ತೋರಿಸ್ತೀವಿ ಸಾರ್ ಅಂತ ಮರ್ಯಾದೆಯಿಂದಾನೇ ಹೇಳಿ, ನಿಂತಲ್ಲೇ 112ಗೆ ಕಾಲ್ ಮಾಡಿ. ಆಯುಧ ಹೊರಗೆ ಬಂದ್ರೆ ಮಾತ್ರ ಲೆಕ್ಕಾಚಾರ ಬದಲು, ಕೆಳಗೆ ಹೇಳೋ ಹಾಗೆ ಮಾಡಿ.

ಬರೋ ಮುಂಚೆ ಕಾಣೋ ಸೂಚನೆ

ನಮ್ಮ ಬಂಕಿಗೆ ಆ ನಾಲ್ಕು ಜನರಲ್ಲಿ ಒಬ್ಬ ಎರಡು ದಿನ ಮುಂಚೆ ಬಂದಿದ್ದ. 500ಕ್ಕೆ ಚಿಲ್ಲರೆ ಕೇಳಿದ, ನೀರು ಕುಡಿದ, ರಾತ್ರಿ ಎಷ್ಟು ಜನ ಇರ್ತೀರಾ ಅಂತ ಕೇಳಿದ. ನಾನೇ "ಮೂರೇ ಜನ" ಅಂತ ಹೇಳಿದ್ದೆ. ಈಗ ಹುಡುಗ್ರಿಗೆ ಹೇಳ್ಕೊಡ್ತೀನಿ, ಯಾರು ಕೇಳಿದ್ರೂ "ಓನರ್ ಒಳಗಿದಾರೆ, ಕರೀಲಾ" ಅನ್ನಿ. ನಂಬರ್ ಪ್ಲೇಟಿಗೆ ಕೆಸರು ಮೆತ್ತಿರೋ ಬೈಕು, ಇಂಜಿನ್ ಆಫ್ ಮಾಡದೆ ರಸ್ತೆ ಕಡೆ ಮುಖ ಮಾಡಿ ನಿಲ್ಸಿರೋ ಗಾಡಿ, ಏನೂ ಕೊಳ್ಳದೆ ಕ್ಯಾಮೆರಾ ಎಲ್ಲಿದೆ ಅಂತ ಮೇಲೆ ನೋಡ್ತಿರೋನು, ಇವರನ್ನ ಕಂಡ್ರೆ ಹತ್ರ ಹೋಗಿ "ಏನ್ ಬೇಕಿತ್ತಣ್ಣ" ಅಂತ ಮುಖ ನೋಡಿ ಮಾತಾಡ್ಸಿ. ಮುಖ ನೋಡಿದಾರೆ ಅಂತ ಗೊತ್ತಾದ್ರೆ ಎಷ್ಟೋ ಜನ ಹಾಗೇ ಹೊರಟುಹೋಗ್ತಾರೆ. ಜಗಳ ಮಾತ್ರ ತೆಗೀಬೇಡಿ. ಬೀಟ್ ಪೊಲೀಸರಿಗೆ ತಿಳ್ಸಿ, ಅವರ ನಂಬರ್ ನಿಮ್ಮ ಫೋನಲ್ಲಿ ಇರ್ಲೇಬೇಕು.

ಆ ಎರಡು ಮೂರು ನಿಮಿಷ

ಇದೇ ಮುಖ್ಯ ಭಾಗ, ನಿಧಾನಕ್ಕೆ ಓದಿ, ಹುಡುಗ್ರಿಗೂ ಓದಿ ಹೇಳಿ.

ಬಂದೋರಿಗೂ ಭಯ ಇರತ್ತೆ. ಅವರ ಕೈ ನಡುಗ್ತಿರತ್ತೆ, ಕುಡಿದಿರ್ತಾರೆ, ಬೇಗ ಮುಗಿಸಿ ಓಡ್ಬೇಕು ಅನ್ನೋದು ಬಿಟ್ರೆ ಅವರ ತಲೇಲಿ ಏನೂ ಇರಲ್ಲ. ನಿಮಗೂ ಬೇಕಾಗಿರೋದು ಅದೇ, ಅವರು ಬೇಗ ಹೋಗ್ಬೇಕು. ಹಾಗಾಗಿ ಅವರ ಕೆಲಸ ತಡ ಆಗೋ ಅಂಥದ್ದು, ಅವರಿಗೆ ಗಾಬರಿ ಆಗೋ ಅಂಥದ್ದು ಯಾವುದನ್ನೂ ಮಾಡ್ಬೇಡಿ.

ಮೊದಲು ಕೈ. ಎರಡೂ ಕೈ ಎದೆ ಮಟ್ಟಕ್ಕೆ, ಅಂಗೈ ಅವರಿಗೆ ಕಾಣೋ ಹಾಗೆ. ಪೂರ್ತಿ ಮೇಲೆತ್ತಬೇಕು ಅಂತಿಲ್ಲ, ಅವರು ಹೇಳಿದ್ರೆ ಎತ್ತಿ. ಜೇಬಿಗೆ, ಮೇಜಿನ ಕೆಳಗೆ, ಸೊಂಟದ ಹತ್ರ ಕೈ ಹೋಗಬಾರದು. ದುಡ್ಡು ತೆಗೆಯೋಕೆ ಡ್ರಾಯರ್ ತೆಗೀಲೇಬೇಕು ಅಂದ್ರೆ ಬಾಯಲ್ಲಿ ಹೇಳಿ ಮಾಡಿ: "ಅಣ್ಣ, ಡ್ರಾಯರ್ ತೆಗೀತಿದೀನಿ, ದುಡ್ಡು ಇದರಲ್ಲಿದೆ." ಪ್ರತಿಯೊಂದನ್ನೂ ಹೇಳಿ, ಆಮೇಲೆ ನಿಧಾನಕ್ಕೆ ಮಾಡಿ.

ಮಾತು ಕಮ್ಮಿ, ದನಿ ತಗ್ಗಿ. "ಅಣ್ಣ ತಗೊಳ್ಳಿ, ಏನೂ ಮಾಡ್ಬೇಡಿ" ಅಷ್ಟೇ. ನೀನ್ಯಾರೋ ನಂಗೆ ಗೊತ್ತು ಅನ್ನೋ ಮಾತು ಯಾವ ಕಾರಣಕ್ಕೂ ಬರಬಾರದು, ನಿಜವಾಗ್ಲೂ ಗುರುತು ಸಿಕ್ಕಿದ್ರೂ ಸರಿ, ದನಿ ಕೇಳಿ ಇವನು ಹಳೇ ಡ್ರೈವರ್ ಅಂತ ಗೊತ್ತಾದ್ರೂ ಸರಿ, ಮುಖದಲ್ಲಿ ತೋರ್ಸ್ಕೋಬೇಡಿ. ಗುರುತು ಸಿಕ್ತು ಅಂತ ಗೊತ್ತಾದ ಕ್ಷಣ ಅವನಿಗೆ ನಿಮ್ಮನ್ನ ಬಿಟ್ಟು ಹೋಗೋದು ಕಷ್ಟ ಆಗತ್ತೆ. ಕಣ್ಣಲ್ಲಿ ಕಣ್ಣಿಟ್ಟು ದುರುಗುಟ್ಟಬೇಡಿ, ಅವರ ಎದೆ ಕೈ ಕಡೆ ನೋಡಿ.

ಕೇಳಿದ್ದನ್ನ ಕೊಡಿ. ಕೇಳದೇ ಇರೋದನ್ನ ತೋರ್ಸಬೇಡಿ. ಗಲ್ಲಾ ಕೇಳಿದ್ರೆ ಗಲ್ಲಾ, ಫೋನ್ ಕೇಳಿದ್ರೆ ಫೋನ್, ಕೊರಳಲ್ಲಿರೋ ಸರ ಕೇಳಿದ್ರೆ ಸರ. ಹೆಣ್ಮಕ್ಕಳಿಗೆ ತಾಳಿ ಬಿಚ್ಚೋದು ಎಷ್ಟು ಕಷ್ಟ ಅಂತ ಗೊತ್ತು, ನಮ್ಮ ಅಕ್ಕಾನೂ ಒಂದು ಫೈನಾನ್ಸಲ್ಲಿ ಕೆಲಸ ಮಾಡ್ತಾಳೆ. ಆದ್ರೂ ಹೇಳ್ತೀನಿ ಅಕ್ಕ, ಅವರು ಎಳೆಯೋ ಮುಂಚೆ ನೀವೇ ಬಿಚ್ಚಿ ಕೊಡಿ, ಎಳೆದ್ರೆ ಕತ್ತಿಗೆ ಪೆಟ್ಟಾಗತ್ತೆ.

ಆಗಲ್ಲ ಅನ್ನೋದನ್ನ ಸುಳ್ಳಿಲ್ಲದೆ ಹೇಳಿ. ತಿಜೋರಿ ಕೀ ಇಲ್ಲ ಅಂದ್ರೆ ಇಲ್ಲ ಅಂತ ಒಂದೇ ಸಲ ಹೇಳಿ, ಬೋರ್ಡ್ ತೋರ್ಸಿ. ಟೈಮ್ ಲಾಕ್, ಅಂದ್ರೆ ಇಂತಿಷ್ಟು ಹೊತ್ತು ಆದ ಮೇಲೇ ತೆರೆಯೋ ಬೀಗ, ಇದ್ರೆ "ಹತ್ತು ನಿಮಿಷ ಆಗತ್ತೆ, ನಮ್ಮ ಕೈಲಿಲ್ಲ" ಅನ್ನಿ. ಇದೆ ಕೊಡ್ತೀನಿ ಅಂತ ಹೇಳಿ ಆಮೇಲೆ ಇಲ್ಲ ಅನ್ನೋದು, ಬೇರೆ ಕೀ ಕೊಟ್ಟು ಆಟ ಆಡ್ಸೋದು ಮಾಡಿದ್ರೆ ಏಟು ಬೀಳತ್ತೆ.

ಅವರಿಗೆ ಗೊತ್ತಿಲ್ಲದೆ ಏನಾದ್ರೂ ಆಗೋ ಹಾಗಿದ್ರೆ ಮುಂಚೇನೇ ಹೇಳ್ಬಿಡಿ. "ಒಬ್ಬ ಹುಡುಗ ಟಾಯ್ಲೆಟಲ್ಲಿದಾನೆ, ಈಗ ಬರ್ತಾನೆ", "ಈ ಬಾಗ್ಲು ತೆಗೆದ್ರೆ ಬೆಲ್ ಹೊಡ್ಕೊಳತ್ತೆ". ಇದು ಕಳ್ಳರಿಗೆ ಸಹಾಯ ಮಾಡೋದು ಅಂತ ಕೆಲವರಿಗೆ ಅನ್ಸತ್ತೆ. ಬ್ರಷ್ ಹಿಡ್ಕೊಂಡು ಏನೂ ಗೊತ್ತಿಲ್ಲದೆ ಬಾಗ್ಲು ತಳ್ಕೊಂಡು ಬರೋ ಆ ಹುಡುಗನ್ನ ನೆನ್ಸ್ಕೊಳ್ಳಿ, ಗಾಬರಿಯಲ್ಲಿ ಮೊದಲ ಏಟು ಬೀಳೋದು ಅವನಿಗೇ.

ಮಧ್ಯದಲ್ಲಿ ಫೋನ್ ರಿಂಗ್ ಆದ್ರೆ ಮುಟ್ಬೇಡಿ, ಎತ್ಲಾ ಅಂತ ಕೇಳಿ. ಅಲಾರಂ ಬಟನ್ ಅವರ ಕಣ್ಣಿಗೆ ಬೀಳೋ ಹಾಗಿದ್ರೆ ಒತ್ತಬೇಡಿ, ಅವರು ಹೋದ ಮೇಲೆ ಒತ್ತಿದ್ರೂ ಆಗತ್ತೆ. ಫೋನಲ್ಲಿ ಪವರ್ ಬಟನ್ ನಾಲ್ಕೈದು ಸಲ ಒತ್ತಿದ್ರೆ 112ಗೆ ಹೋಗೋ ಎಸ್‌ಒಎಸ್ ಸೌಲಭ್ಯ ಬಹಳ ಫೋನಲ್ಲಿ ಇದೆ, ಇವತ್ತೇ ಸೆಟಿಂಗ್ಸಲ್ಲಿ ನೋಡ್ಕೊಳ್ಳಿ, ಆದ್ರೆ ಕೆಲವು ಫೋನಲ್ಲಿ ಅದು ಜೋರಾಗಿ ಸೈರನ್ ತರ ಕೂಗತ್ತೆ, ಆ ಸೌಂಡ್ ಆಫ್ ಮಾಡಿಟ್ಕೊಳ್ಳಿ.

ಗಿರಾಕಿಗಳು ಇದ್ರೆ ಅವರಿಗೂ ಒಂದೇ ಮಾತು, "ಯಾರೂ ಏನೂ ಮಾಡ್ಬೇಡಿ, ಅವರು ಹೇಳಿದ ಹಾಗೆ ಮಾಡಿ". ನಮ್ಮೂರಲ್ಲಿ ಯಾವಾಗ್ಲೂ ಒಬ್ಬ ಪೈಲ್ವಾನ್ ತರದೋರು ಇರ್ತಾರೆ, ಹಿಂದಿಂದ ಹಿಡೀತೀನಿ ಅಂತ ಮುಂದೆ ಬರ್ತಾರೆ. ಅವರನ್ನ ಹೆಸರಿಡಿದು ಕೂಗಿ ನಿಲ್ಸಿ.

ಕೈಕಾಲು ಕಟ್ಟಿದ್ರೆ, ಟಾಯ್ಲೆಟಲ್ಲೋ ರೂಮಲ್ಲೋ ಕೂಡಿಹಾಕಿದ್ರೆ, ಎಳೆದಾಡದೆ ಹೋಗಿ. ಕಟ್ಟೋವಾಗ ಉಸಿರಾಡೋಕೆ ಕಷ್ಟ ಆಗ್ತಿದ್ರೆ, ಬಿಪಿ ಶುಗರ್ ಇದ್ರೆ, ಬಸುರಿ ಇದ್ರೆ ಬಾಯಿಬಿಟ್ಟು ಹೇಳಿ. ಅವರು ಹೋದ ಶಬ್ದ ಕೇಳಿದ ಮೇಲೂ ಸ್ವಲ್ಪ ಹೊತ್ತು ಸುಮ್ನಿದ್ದು ಆಮೇಲೆ ಬಿಡಿಸ್ಕೊಳ್ಳಿ.

ಹೋಗೋವಾಗ ದಾರಿ ಬಿಡಿ. ಬಾಗ್ಲಿಗೂ ಅವರಿಗೂ ಮಧ್ಯೆ ನೀವಿರಬಾರದು. ಶಟರ್ ಎಳೆದು ಒಳಗೇ ಹಿಡಿದುಹಾಕೋಣ ಅನ್ನೋ ಯೋಚನೇನೇ ಬೇಡ, ಒಳಗೆ ನಿಮ್ಮ ಜನಾನೂ ಇದಾರೆ. ಹಿಂದೆ ಓಡೋದು, ಕಲ್ಲು ಹೊಡಿಯೋದು, ಬೈಕಲ್ಲಿ ಅಟ್ಟಿಸ್ಕೊಂಡು ಹೋಗೋದು ಯಾವುದೂ ಬೇಡ.

ಬಂಕಿನವರಿಗೆ ಮಾತ್ರ ಇನ್ನೆರಡು ಮಾತು

ನೋಝಲ್ ಕೈಯಲ್ಲಿದ್ರೆ ಟ್ರಿಗರ್ ಬಿಟ್ಟು ಅಲ್ಲೇ ನೇತುಹಾಕಿ. ಅವರ ಮೇಲೆ ಪೆಟ್ರೋಲ್ ಎರಚ್ತೀನಿ ಅಂತ ಹೆದರ್ಸೋದನ್ನ ಒಬ್ರು ನನಗೆ ಒಳ್ಳೇ ಐಡಿಯಾ ಅಂತ ಹೇಳಿದ್ರು, ದಯವಿಟ್ಟು ಕನಸಲ್ಲೂ ಮಾಡ್ಬೇಡಿ, ಒಂದು ಕಿಡಿಗೆ ನೀವೂ ಹೋಗ್ತೀರಾ. ಎಲ್ಲ ಪಂಪ್ ಒಟ್ಟಿಗೆ ನಿಲ್ಲೋ ಎಮರ್ಜೆನ್ಸಿ ಸ್ವಿಚ್ ಎಲ್ಲಿದೆ ಅಂತ ಪ್ರತಿ ಹುಡುಗನಿಗೂ ತೋರ್ಸಿ, ಅವರು ಹೋದ ತಕ್ಷಣ ಎಲ್ಲಾದ್ರೂ ಎಣ್ಣೆ ಚೆಲ್ಲಿದ್ರೆ ಅದನ್ನ ಒತ್ತಿ, ಮರಳು ಹಾಕಿ. ಗುಂಡು ಹಾರಿದ್ರೆ ಪಂಪ್ ಹಿಂದೆ ಅಡಗ್ಬೇಡಿ, ಕಾಂಕ್ರೀಟ್ ಕಂಬ ಅಥವಾ ಕಟ್ಟಡದ ಗೋಡೆ ಹಿಂದೆ ನೆಲಕ್ಕೆ ಮಲಗಿ.

ಕೈ ಎತ್ತಲೇಬೇಕಾದಾಗ

ದುಡ್ಡು ಕೊಟ್ಟ ಮೇಲೂ ಹೊಡೀತಿದ್ರೆ, ಹೆಣ್ಮಕ್ಕಳ ಮೇಲೆ ಕೈ ಹಾಕಿದ್ರೆ, ಗಾಡಿಗೆ ಎಳ್ಕೊಂಡು ಹೋಗ್ತಿದ್ರೆ ಆಗ ಬೇರೆ ಲೆಕ್ಕ. ಆಗ ಕಿರುಚಿ, ಓಡಿ, ಕೈಗೆ ಸಿಕ್ಕಿದ್ದರಲ್ಲಿ ಹೊಡೀರಿ, ಕುರ್ಚಿ, ಬೆಂಕಿ ಆರಿಸೋ ಸಿಲಿಂಡರ್ ಏನಾದ್ರೂ ಸರಿ, ಉದ್ದೇಶ ಮಾತ್ರ ಜಾಗ ಮಾಡ್ಕೊಂಡು ಓಡೋದು. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರ ತನಕದ ಕಲಂಗಳು ಆತ್ಮರಕ್ಷಣೆ ಹಕ್ಕಿನ ಬಗ್ಗೇನೇ ಇವೆ, ಜೀವಕ್ಕೆ ಅಪಾಯ ಇರೋವಾಗ ತಿರುಗಿ ಹೊಡೆದ್ರೆ ಅಪರಾಧ ಅಲ್ಲ. ಆದ್ರೆ ಅವನು ಬಿಟ್ಟು ಓಡಿದ ಮೇಲೆ, ಅಥವಾ ಜನ ಹಿಡಿದು ಕಟ್ಟಿಹಾಕಿದ ಮೇಲೆ ಹೊಡಿಯೋದು ಆ ಹಕ್ಕಲ್ಲಿ ಬರಲ್ಲ, ನಿಮ್ಮ ಮೇಲೇ ಕೇಸ್ ಆಗತ್ತೆ.

ನೋಡಿ ನೆನಪಿಟ್ಕೊಳ್ಳೋದು

ಎಲ್ಲಾ ನೋಡೋಕೆ ಹೋಗ್ಬೇಡಿ, ಆಗಲ್ಲ. ನನಗೆ ಅವತ್ತು ಮಚ್ಚು ಬಿಟ್ರೆ ಬೇರೇನೂ ಕಾಣ್ತಿರ್ಲಿಲ್ಲ, ಅದರ ಹಿಡಿಗೆ ಸುತ್ತಿದ್ದ ಹಸಿರು ಟೇಪ್ ಈಗಲೂ ಕಣ್ಮುಂದೆ ಇದೆ. ಒಬ್ಬನನ್ನ ಆರಿಸ್ಕೊಂಡು ಎರಡು ಮೂರು ವಿಷ್ಯ ಹಿಡ್ಕೊಳ್ಳಿ. ಎತ್ತರ ಎಷ್ಟು, ಬಾಗ್ಲು ಚೌಕಟ್ಟಿಗೆ ಹೋಲಿಸಿ, ಅದಕ್ಕೇ ಚೌಕಟ್ಟಿಗೆ ಮುಂಚೇನೇ ಟೇಪಲ್ಲಿ ಗುರುತು ಮಾಡಿಟ್ರೆ ಒಳ್ಳೇದು. ಯಾವ ಭಾಷೆ, ಅದರಲ್ಲೂ ಯಾವ ಕಡೆಯ ಕನ್ನಡ, ಬಯಲುಸೀಮೆಯೋ ಕರಾವಳಿಯೋ ಉತ್ತರ ಕರ್ನಾಟಕವೋ. ಕಾಲಲ್ಲಿ ಏನಿತ್ತು, ಯಾಕಂದ್ರೆ ಓಡೋ ದಾರೀಲಿ ಜಾಕೆಟ್ ಬಿಸಾಕ್ತಾರೆ, ಚಪ್ಪಲಿ ಬಿಸಾಕಲ್ಲ. ಆಯುಧ ಹಿಡಿದಿದ್ದು ಎಡಗೈಯಲ್ಲೋ ಬಲಗೈಯಲ್ಲೋ. ಹೆಸರಿಡಿದು ಒಬ್ರನ್ನೊಬ್ರು ಕರೆದ್ರಾ. ಯಾವ ಕಡೆ ಹೋದ್ರು.

ಹೋದ ಮೇಲೆ

ಬಾಗ್ಲು ಒಳಗಿಂದ ಹಾಕ್ಕೊಳ್ಳಿ, ಯಾರಿಗಾದ್ರೂ ಗಾಯ ಆಗಿದ್ಯಾ ನೋಡಿ, 112ಗೆ ಫೋನ್ ಮಾಡಿ. ಪೊಲೀಸ್, ಆಂಬುಲೆನ್ಸ್ ಎರಡಕ್ಕೂ ಅದೇ ನಂಬರ್, ಆಂಬುಲೆನ್ಸಿಗೆ 108 ಕೂಡ ಇದೆ. ಫೋನಲ್ಲಿ ಮೊದಲು ಜಾಗ ಹೇಳಿ, ಊರು, ರಸ್ತೆ, ಹತ್ರದ ಗುರುತು, ಆಮೇಲೆ ಎಷ್ಟು ಜನ, ಆಯುಧ ಏನು, ಯಾವ ಗಾಡಿ ಯಾವ ಕಡೆ. ಓನರ್‌ಗೆ ಫೋನ್ ಎರಡನೇದು. ಬಹಳ ಜನ ಉಲ್ಟಾ ಮಾಡ್ತಾರೆ, ಓನರ್‌ಗೆ ಹೇಳಿ, ಅವರು ಯಾರಿಗೋ ಹೇಳಿ, ಪೊಲೀಸರಿಗೆ ಗೊತ್ತಾಗೋ ಹೊತ್ತಿಗೆ ಕಳ್ಳರು ಟೋಲ್ ದಾಟಿರ್ತಾರೆ.

ಗಾಯದಿಂದ ರಕ್ತ ಬರ್ತಿದ್ರೆ ಶುದ್ಧ ಬಟ್ಟೆ ಮಡಿಚಿ ಗಟ್ಟಿಯಾಗಿ ಒತ್ತಿ ಹಿಡೀರಿ, ಮಧ್ಯೆ ಮಧ್ಯೆ ತೆಗೆದು ನೋಡ್ಬೇಡಿ. ನೆನೆದ್ರೆ ಅದರ ಮೇಲೇ ಇನ್ನೊಂದು ಬಟ್ಟೆ ಇಡಿ. ಅರಿಶಿನ, ಕಾಫಿಪುಡಿ ಏನೂ ಹಾಕ್ಬೇಡಿ. ಚಾಕು ಚುಚ್ಕೊಂಡಿದ್ರೆ ಕೀಳ್ಬೇಡಿ, ಅಲ್ಲಾಡದ ಹಾಗೆ ಸುತ್ತ ಬಟ್ಟೆ ಇಟ್ಟು ಆಸ್ಪತ್ರೆಗೆ ಕರ್ಕೊಂಡು ಹೋಗಿ. ಕಣ್ಣಿಗೆ ಖಾರದ ಪುಡಿ ಬಿದ್ರೆ ಉಜ್ಜದೆ ಹರಿಯೋ ನೀರಲ್ಲಿ ಒಂದು ಹದಿನೈದು ನಿಮಿಷ ತೊಳೀರಿ.

ಅವರು ಮುಟ್ಟಿದ ಜಾಗ ಮುಟ್ಬೇಡಿ, ಗುಡಿಸ್ಬೇಡಿ. ಬೆರಳಚ್ಚಿನವರು, ಶ್ವಾನದಳದವರು ಬರೋ ತನಕ ಆ ಕಡೆ ಕುರ್ಚಿ ಅಡ್ಡ ಇಟ್ಬಿಡಿ. ಪ್ರತಿಯೊಬ್ಬರೂ ಬೇರೆ ಬೇರೆ ಕೂತು ಒಂದೊಂದು ಹಾಳೇಲಿ ಕಂಡಿದ್ದನ್ನ ಬರೀರಿ, ಒಬ್ಬರನ್ನೊಬ್ರು ಕೇಳದೆ. ಮಾತಾಡ್ಕೊಂಡ್ರೆ ಎಲ್ಲರ ನೆನಪೂ ಒಂದೇ ಆಗಿ ತಪ್ಪೂ ಎಲ್ಲರಿಗೂ ಹರಡತ್ತೆ. ಸಿಸಿಟಿವಿ ವಿಡಿಯೋನ ಪೊಲೀಸರಿಗೆ ಬಿಟ್ಟು ಯಾರಿಗೂ ಕಳಿಸ್ಬೇಡಿ. ಎಷ್ಟು ಹೋಯ್ತು ಅಂತ ಟಿವಿಯವರ ಮುಂದೆ ಹೇಳ್ಬೇಡಿ.

ಫೋನ್ ಹೋಗಿದ್ರೆ ಬೇರೆಯವರ ಫೋನಿಂದ ತಕ್ಷಣ ಸಿಮ್ ಬ್ಲಾಕ್ ಮಾಡ್ಸಿ, ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಸಿ, ಎಫ್‌ಐಆರ್ ಆದ ಮೇಲೆ ಸಿಇಐಆರ್ ಅನ್ನೋ ಸರ್ಕಾರದ ಪೋರ್ಟಲಲ್ಲಿ ಫೋನನ್ನೂ ಬ್ಲಾಕ್ ಮಾಡ್ಬಹುದು. ಕೀ ಗೊಂಚಲು ಹೋಗಿದ್ರೆ ಅವತ್ತೇ ಬೀಗ ಬದಲಾಯಿಸಿ, ಮನೆ ಕೀ ಅದರಲ್ಲಿದ್ರೆ ಮನೇದೂ.

ಎಫ್‌ಐಆರ್, ಪರಿಹಾರ

ಎಫ್‌ಐಆರ್ ಪ್ರತಿ ದೂರು ಕೊಟ್ಟೋರಿಗೆ ಉಚಿತವಾಗಿ ಕೊಡ್ಬೇಕು, ಕೇಳಿ ತಗೊಳ್ಳಿ. ಇದು ನಮ್ಮ ಸ್ಟೇಷನ್ ಲಿಮಿಟ್ ಅಲ್ಲ ಅಂದ್ರೆ ಝೀರೋ ಎಫ್‌ಐಆರ್ ಮಾಡಿ ಸಾರ್ ಅನ್ನಿ, ಅಂದ್ರೆ ಯಾವ ಲಿಮಿಟ್ ಆದ್ರೂ ಇಲ್ಲೇ ದೂರು ಬರ್ಕೊಂಡು ಆ ಸ್ಟೇಷನ್‌ಗೆ ಕಳ್ಸೋದು, ನಾಗರಿಕ ಸುರಕ್ಷಾ ಸಂಹಿತೆ 173ನೇ ಕಲಂನಲ್ಲೇ ಇದೆ. ಐದು ಜನ ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಕಾನೂನು ಅದನ್ನ ಡಕಾಯಿತಿ ಅಂತ ನೋಡತ್ತೆ, ಶಿಕ್ಷೆ ಜಾಸ್ತಿ, ಅದಕ್ಕೇ ಹೊರಗೆ ಬೈಕಲ್ಲಿ ಕಾಯ್ತಿದ್ದೋನ್ನೂ ಲೆಕ್ಕಕ್ಕೆ ತಗೊಂಡು ಹೇಳಿ. ಸಿಬ್ಬಂದಿ ಮೇಲೇ ಅನುಮಾನ ಪಟ್ಟು ಪೊಲೀಸರು ನಿಮ್ಮನ್ನೂ ವಿಚಾರಣೆ ಮಾಡ್ತಾರೆ, ಬೇಜಾರಾಗತ್ತೆ, ನನಗೂ ಆಗಿತ್ತು, ಎರಡು ದಿನ ಸ್ಟೇಷನ್‌ಗೆ ಓಡಾಡಿದ್ದೆ. ಒಳಗಿನೋರ ಕೈವಾಡ ಇರೋ ಕೇಸುಗಳು ಇರೋದ್ರಿಂದ ಅವರು ಕೇಳ್ಲೇಬೇಕು. ಗೊತ್ತಿರೋದು ಗೊತ್ತು, ಗೊತ್ತಿಲ್ಲದ್ದು ಗೊತ್ತಿಲ್ಲ ಅನ್ನಿ.

ಗಾಯ ಆಗಿದ್ರೆ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇರೋರು ಅದರಲ್ಲಿ ಕ್ಲೇಮ್ ಮಾಡಿ. ಇಎಸ್‌ಐ ಇಲ್ಲ ಅಂದ್ರೆ ಕೆಲಸದ ಹೊತ್ತಲ್ಲಿ ಕೆಲಸದಿಂದಾಗಿ ಆದ ಗಾಯಕ್ಕೆ ಮಾಲೀಕರಿಂದ ಪರಿಹಾರ ಕೇಳೋ ಹಕ್ಕು 1923ರ ಕಾರ್ಮಿಕರ ಪರಿಹಾರ ಕಾಯ್ದೆ ಕಾಲದಿಂದ ಇದೆ, ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ. ನಮ್ಮ ಹುಡುಗನಿಗೆ ಇದು ಯಾರೂ ಹೇಳಿರ್ಲಿಲ್ಲ, ಹತ್ತಿರ ಹತ್ತಿರ ಒಂದು ವರ್ಷ ಸಾಲ ಮಾಡಿ ಡಾಕ್ಟರಿಗೆ ಕೈ ತೋರ್ಸ್ದ. ಸರ್ಕಾರದ ಸಂತ್ರಸ್ತರ ಪರಿಹಾರ ಯೋಜನೆಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಹಾಕ್ಬಹುದು, ಆ ಆಫೀಸು ಸಾಮಾನ್ಯವಾಗಿ ಜಿಲ್ಲಾ ಕೋರ್ಟ್ ಆವರಣದಲ್ಲೇ ಇರತ್ತೆ.

ಆಮೇಲಿನ ರಾತ್ರಿಗಳು

ಮೊದಲ ವಾರ ನಿದ್ದೆ ಬರಲ್ಲ. ಬೈಕ್ ಸೌಂಡ್ ಕೇಳಿದ್ರೆ ಎದೆ ಡವಡವ ಅನ್ನತ್ತೆ, ಹೆಲ್ಮೆಟ್ ಹಾಕ್ಕೊಂಡು ಬರೋ ಪ್ರತಿಯೊಬ್ಬನೂ ಅವನೇ ಅನ್ಸತ್ತೆ. ಮನೆಯವರು ಯಂತ್ರ ಕಟ್ಸಿ, ದೃಷ್ಟಿ ತೆಗೆದು ಮಲಗ್ಸ್ತಾರೆ, ಅದೂ ಬೇಡ ಅನ್ಬೇಡಿ, ಅವರ ಸಮಾಧಾನಕ್ಕೆ. ಆದ್ರೆ ಮೂರ್ನಾಲ್ಕು ವಾರ ಆದ್ರೂ ಕಮ್ಮಿ ಆಗಿಲ್ಲ ಅಂದ್ರೆ 14416ಗೆ ಫೋನ್ ಮಾಡಿ, ಅದು ಟೆಲಿಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ನಾನು ಮಾಡಿದ್ದೆ. ಓನರ್‌ಗಳು ಮರುದಿನವೇ ನೈಟ್ ಶಿಫ್ಟಿಗೆ ಹಾಕ್ಬೇಡಿ, ಹಾಕ್ಲೇಬೇಕಾದ್ರೆ ಒಂದು ವಾರ ನೀವೂ ಬಂದು ಜೊತೆಗೆ ಕೂರಿ.

ಕೊನೇದಾಗಿ ಗುರುತು ಪತ್ತೆ ಪರೇಡ್ ಮತ್ತು ಕೋರ್ಟು. ಆರೋಪಿಗಳು ಸಿಕ್ಕಿದ ಮೇಲೆ ತಹಶೀಲ್ದಾರ್ ಮುಂದೆ ಸಾಲಾಗಿ ನಿಲ್ಸಿ ಗುರುತಿಸೋಕೆ ಹೇಳ್ತಾರೆ. ಅದಕ್ಕೂ ಮುಂಚೆ ವಾಟ್ಸಾಪಲ್ಲಿ ಬಂದ ಅವರ ಫೋಟೋ ನೋಡ್ಬೇಡಿ, ನೋಡಿದ್ರೆ ಕೋರ್ಟಲ್ಲಿ ಆ ಗುರುತಿಗೆ ಬೆಲೆ ಇರಲ್ಲ. ಸಾಕ್ಷಿ ಹೇಳೋಕೆ ಸಮನ್ಸ್ ಬರೋದು ವರ್ಷಗಳು ಕಳೆದ ಮೇಲೆ, ಅಷ್ಟೊತ್ತಿಗೆ ನೀವು ಬೇರೆ ಕೆಲಸದಲ್ಲಿರ್ತೀರಾ, ಅರ್ಧ ಮರೆತಿರ್ತೀರಾ. ಅವತ್ತು ರಾತ್ರಿ ಬರೆದ ಹಾಳೆ ಇದ್ಯಲ್ಲ, ಅದರ ಒಂದು ಪ್ರತಿ ಮನೇಲಿ ಜಾತಕ, ಮಾರ್ಕ್ಸ್ ಕಾರ್ಡ್ ಇಡೋ ಕವರಲ್ಲೇ ಇಟ್ಕೊಂಡಿರಿ. ಆಗಿಂದಾಗ್ಲೇ ಬರೆದಿಟ್ಟ ಟಿಪ್ಪಣಿ ನೋಡಿ ನೆನಪು ಮಾಡ್ಕೊಂಡು ಹೇಳೋಕೆ ಕೋರ್ಟು ಒಪ್ಪಿಗೆ ಕೊಡತ್ತೆ. ನಾನು ನನ್ನ ಹಾಳೆ ಓದ್ಕೊಂಡೇ ಹೋಗಿದ್ದು, ವಕೀಲರು ಮಚ್ಚಿನ ಬಗ್ಗೆ ಕೇಳಿದಾಗ ಹಸಿರು ಟೇಪ್ ಅಂತ ಅದರಲ್ಲಿ ಬರ್ದಿತ್ತು, ಮುಂದೆ ಮೇಜಿನ ಮೇಲೆ ಇಟ್ಟಿದ್ದ ಮಚ್ಚಿಗೂ ಅದೇ ಟೇಪ್ ಇತ್ತು.